ಆಪರೇಷನ್ ಕೋಣೆಯ ಕೆಂಡ

೧೯೩೬ರ ಚಳಿಗಾಲ. ೩೭ ಆಗಿದ್ದರೂ ಇರಬಹುದು. ಕಾಫಿ ಕೊಯ್ಲು ನಡೆಯುತ್ತಿತ್ತು ಎಂಬುದು ಮಾತ್ರ ಖಚಿತ. ಕಳಸದಾಚೆಯ ಒಂದು ಎಸ್ಟೇಟ್ ಆಸ್ಪತ್ರೆಗೆ ನಾನು ಡಾಕ್ಟರ್. ಎಂಟು ಹಾಸಿಗೆ, ಒಂದು ಆಪರೇಷನ್ ಕೋಣೆ, ಒಬ್ಬರೇ ನರ್ಸು: ದೇವಕಮ್ಮ. ಚಾಕು ನನ್ನ ಕೆಲಸ, ಕ್ಲೋರೋಫಾರ್ಮ್ ಅವರದು. ರೋಗಿಯ ತಲೆಯ ಬಳಿ ನಿಂತು, ಮೂಗಿನ ಮೇಲಿಟ್ಟ ತಂತಿಯ ಮುಖವಾಡದ ಬಟ್ಟೆಗೆ ಅದನ್ನು ತೊಟ್ಟು ತೊಟ್ಟಾಗಿ ಹನಿಸಬೇಕು. ಕೈ ತಪ್ಪಿದರೆ ರೋಗಿ ನಡುವೆಯೇ ಏಳುತ್ತಾನೆ, ಅಥವಾ ಏಳುವುದೇ ಇಲ್ಲ.

ಬೆಳಿಗ್ಗೆ ಹತ್ತಕ್ಕೂ ಅಲ್ಲಿ ಕೈ ಮರಗಟ್ಟುತ್ತಿತ್ತು. ರೋಗಿಗೆ ಚಳಿ ಹಿಡಿದು ನ್ಯುಮೋನಿಯಾ ಆದೀತೆಂದು ಕಿಟಕಿಗಳನ್ನೆಲ್ಲ ಮುಚ್ಚಿಸಿ, ಮೇಜಿನ ತಲೆಯ ಕಡೆ ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ ಇಡಿಸುತ್ತಿದ್ದೆ. ಕಾಟರಿ, ಎಂದರೆ ರಕ್ತ ಸೋರುವ ಜಾಗವನ್ನು ಸುಟ್ಟು ಮುಚ್ಚುವ ಸಲಾಕೆ, ಅದರಲ್ಲೇ ಕಾಯುತ್ತಿತ್ತು. ಮಾಂಸ ಸುಟ್ಟ ಹೊಗೆ ಹೊರಹೋಗಲು ದಾರಿಯಿಲ್ಲದೆ ನಮ್ಮ ತಲೆಯ ಸುತ್ತಲೇ ನಿಲ್ಲುತ್ತಿತ್ತು. ಈ ಏರ್ಪಾಡಿನ ಬಗ್ಗೆ ನನಗೆ ಹೆಮ್ಮೆಯಿತ್ತು.

ದೇವಕಮ್ಮ ಕೆಮ್ಮತೊಡಗಿದರು. ತೂಕವೂ ಇಳಿದಿತ್ತು, ಅಥವಾ ಇಳಿದಂತೆ ನನಗೆ ಕಂಡಿತು. ಎದೆ ಪರೀಕ್ಷಿಸಿದೆ, ಸ್ಪಷ್ಟವಾಗಿ ಏನೂ ಕೇಳಿಸಲಿಲ್ಲ. ಆದರೂ ಮ್ಯಾನೇಜರ್ ದೊರೆಗೆ ಪತ್ರ ಬರೆದೆ: ನರ್ಸು ಕೆಮ್ಮುತ್ತಿದ್ದಾರೆ, ಕ್ಷಯದ ಶಂಕೆ ಇದೆ, ಬದಲಿಯವರು ಬೇಕು. ಆ ಒಂದು ಪದ ಬಿದ್ದರೆ ಬೇರೆ ಯಾವ ಆಸ್ಪತ್ರೆಯೂ ಅವರನ್ನು ಬಾಗಿಲೊಳಗೆ ಬಿಡುತ್ತಿರಲಿಲ್ಲ. ಅವರಿಗೂ ಅದು ಗೊತ್ತಿತ್ತು.

"ಆಪರೇಷನ್ ಇಲ್ಲದ ದಿನ ನಾನು ಕೆಮ್ಮಿದ್ದು ಕೇಳಿದೀರಾ ಡಾಕ್ಟ್ರೆ?" ಎಂದರು, ಪತ್ರದ ವಿಷಯ ತಿಳಿಸಿದಾಗ.

ಕೆಲಸ ಉಳಿಸಿಕೊಳ್ಳಲು ಆಡುವ ಮಾತು ಎಂದುಕೊಂಡೆ. ಆ ಕೋಣೆಯಲ್ಲಿ ನಾನೂ ಕೆಮ್ಮುತ್ತಿದ್ದೆ. ನನ್ನದಕ್ಕೆ ಸಿಗರೇಟು ಎಂಬ ಕಾರಣವಿತ್ತು.

ಪತ್ರ ಹೋದ ವಾರವೇ ಮಂಜಯ್ಯ ಎಂಬ ಮೇಸ್ತ್ರಿ ಮೂಲವ್ಯಾಧಿಯ ಆಪರೇಷನ್‌ಗೆ ಬಂದ. ಎಸ್ಟೇಟಿನ ಏಲಕ್ಕಿ ಒಣಗಿಸುವ ಮನೆ ನೋಡಿಕೊಳ್ಳುತ್ತಿದ್ದವನು. ಆಳುಗಳಿಗೆ ಹಲ್ಲುನೋವು ಎಂದು ಹೇಳಿ ಬಂದಿದ್ದ. ಮೇಜಿನ ಮೇಲೆ ಮಲಗಿಸುವಾಗ ದೇವಕಮ್ಮ ನಗದೆ, "ಹಲ್ಲುನೋವಿನವ್ರು ಕಾಲು ಮೇಲೆ ಎತ್ಬೇಕು ಮೇಸ್ತ್ರಿಗಳೆ" ಎಂದರು.

ಸುಡುವ ಹೊತ್ತಿಗೆ ದೇವಕಮ್ಮನಿಗೆ ಕೆಮ್ಮು ಒತ್ತರಿಸಿ ಬಂತು. ಹನಿ ತಪ್ಪಿತು. ಪ್ರಜ್ಞೆಯಿಲ್ಲದ ಮಂಜಯ್ಯನೂ ಕೆಮ್ಮಿ ಬಿಗಿದುಕೊಂಡ, ತುಟಿ ನೀಲಿಯಾಯಿತು. ದೇವಕಮ್ಮ ಮುಖವಾಡ ಕಿತ್ತೆಸೆದು, ಒಂದು ಕೈಯಲ್ಲಿ ಅವನ ದವಡೆ ಎತ್ತಿ ಹಿಡಿದು, ಇನ್ನೊಂದರಿಂದ ಪಕ್ಕದ ಕಿಟಕಿ ತಳ್ಳಿದರು. ಗಾಳಿ ನುಗ್ಗಿತು. ಬಣ್ಣ ಮರಳಿತು. ಎಷ್ಟು ಹೊತ್ತು ಹಿಡಿಯಿತೋ. ನೆನಪಿನಲ್ಲಿ ಅದು ಪ್ರತಿಸಲವೂ ಉದ್ದವಾಗುತ್ತದೆ.

ಮೂರನೆಯ ದಿನವೂ ಮಂಜಯ್ಯನಿಗೆ ಉಸಿರೆಳೆದರೆ ಎದೆಯೊಳಗೆ ಉರಿ. ಕೋಣೆಯಲ್ಲಿ ಬೆಂಕಿ ಎಲ್ಲಿಟ್ಟಿದ್ದಿರಿ ಎಂದು ಕೇಳಿದ. ಹೇಳಿದೆ. ಮಗ್ಗುಲಾಗಿ ಮಲಗಿದ್ದವನು ಕಷ್ಟಪಟ್ಟು ನನ್ನ ಕಡೆ ತಿರುಗಿದ.

"ಏಲಕ್ಕಿ ಒಣಗಿಸೋವಾಗ ನಾವು ಬೆಂಕಿನ ಹೊರಗೆ ಹಾಕ್ತೀವಿ. ಬಿಸಿ ಮಾತ್ರ ಕೊಳವೆಯಲ್ಲಿ ಒಳಗೆ ಬರ್ತದೆ. ಕಾಯಿಗೆ ಹೊಗೆ ತಾಗಿದ್ರೆ ಕೆಟ್ಟೋಯ್ತು. ನೀವು ಒಳಗೇ ಕೆಂಡ ಇಟ್ಕಂಡು ಕಿಟಕಿ ಹಾಕ್ತೀರಲ್ಲ ಮಾರಾಯ್ರೆ."

ಮನೆಗೆ ಹೋಗಿ ಹಳೆಯ ಪಠ್ಯಪುಸ್ತಕ ತೆಗೆದೆ. ಕ್ಲೋರೋಫಾರ್ಮಿನ ಆವಿ ಬೆಂಕಿಗೆ ತಾಗಿದರೆ ಫಾಸ್ಜೀನ್ ಆಗುತ್ತದೆ, ಹಿಂದಿನ ಮಹಾಯುದ್ಧದಲ್ಲಿ ಸಿಪಾಯಿಗಳ ಮೇಲೆ ಬಿಟ್ಟ ಅದೇ ವಿಷಾನಿಲ. ಸಣ್ಣ ಅಕ್ಷರದಲ್ಲಿತ್ತು. ಪರೀಕ್ಷೆಗೆ ಓದುವಾಗ ನಾನೇ ಅದರ ಕೆಳಗೆ ಗೆರೆ ಎಳೆದಿದ್ದೆ.

ಅಗ್ಗಿಷ್ಟಿಕೆ ಜಗಲಿಗೆ ಹೋಯಿತು. ಕಾದ ಸಲಾಕೆ ಕಿಟಕಿಯಿಂದ ಒಳಗೆ ಬರತೊಡಗಿತು. ರೋಗಿಯ ಮೈಗೆ ಕಂಬಳಿ, ಬಿಸಿನೀರಿನ ಬಾಟಲಿ. ಸುಡುವಾಗ ಎದುರುಬದುರಿನ ಕಿಟಕಿಗಳು ತೆರೆದಿರಬೇಕು. ನನ್ನ ಬೆರಳು ಮರಗಟ್ಟಿದವು. ಯಾರೂ ಕೆಮ್ಮಲಿಲ್ಲ. ಸಿಗರೇಟು ಬಿಡದ ನಾನೂ ಕೆಮ್ಮಲಿಲ್ಲ.

ಎಷ್ಟೋ ಸಲ ಈ ಪ್ರಸಂಗವನ್ನು ಇಲ್ಲಿಗೇ ನಿಲ್ಲಿಸಿದ್ದೇನೆ, ಕೇಳಿದವರು ಮೇಸ್ತ್ರಿಯನ್ನೂ ನನ್ನನ್ನೂ ಮೆಚ್ಚಿದ್ದಾರೆ. ಆದರೆ ಅಷ್ಟರಲ್ಲಿ ದೊರೆಯ ಉತ್ತರ ಬಂದಿತ್ತು: ತಿಂಗಳ ಕೊನೆಗೆ ನರ್ಸನ್ನು ಬಿಡಿಸಿ. ನಾನು ಎರಡನೆಯ ಪತ್ರ ಬರೆದೆ. ನರ್ಸಿಗೆ ಕ್ಷಯವಿಲ್ಲ, ಕೋಣೆಯ ಹೊಗೆಯಿಂದ ಕೆಮ್ಮು ಬಂದಿತ್ತು, ಈಗ ವಾಸಿಯಾಗಿದೆ. ಹೊಗೆ ಎಲ್ಲಿಂದ ಬಂತೆಂದು ಬರೆಯಲಿಲ್ಲ. ದೇವಕಮ್ಮನಿಗೆ ಓದಿ ಹೇಳಿದೆ.

"ಇಷ್ಟಕ್ಕೆ ಅವರು ನಂಬೋದಿಲ್ಲ" ಎಂದರು. "ನನ್ನ ಕೆಮ್ಮು ಎರಡು ಸಲ ಬರ್ದಿದೀರಿ. ನಿಮ್ಮದನ್ನ ಒಂದ್ಸಲ ಬರೀರಿ."

ಬರೆದೆ. ಕೆಂಡ ಇಡಿಸಿದವನು ನಾನೇ ಎಂದೂ ಬರೆದೆ. ದೇವಕಮ್ಮ ಉಳಿದರು, ನಾನು ಆ ಎಸ್ಟೇಟು ಬಿಟ್ಟಾಗಲೂ ಅಲ್ಲೇ ಇದ್ದರು.

ಇನ್ನೊಬ್ಬರ ಎದೆಯ ಬಗ್ಗೆ ಬರೆಯುವ ಮೊದಲು ಅವರು ನಿಲ್ಲುವ ಜಾಗದ ಗಾಳಿ ಎಂಥದೆಂದು ತಿಳಿದುಕೊಳ್ಳಬೇಕು. ನಿವೃತ್ತನಾಗುವವರೆಗೆ ಯಾವ ಆಪರೇಷನ್ ಕೋಣೆಗೆ ಹೋದರೂ ಮೊದಲು ಮೇಜಿನ ತಲೆಯ ಕಡೆ ನಿಂತು ನಾಲ್ಕು ಸಲ ಉಸಿರೆಳೆದುಕೊಂಡೇ ನನ್ನ ಜಾಗಕ್ಕೆ ಬರುತ್ತಿದ್ದೆ.