ಬಂಗಲೆಯ ಮುಂದೆ ಬಿಚ್ಚಿದ ಛತ್ರಿ

ಬಾಳೂರಿನ ಹತ್ತಿರದ ಒಂದು ಕಾಫಿ ಎಸ್ಟೇಟಿಗೆ ನರ್ಸಾಗಿ ಬಂದಾಗ ನನಗೆ ಇಪ್ಪತ್ತಾರು ವರ್ಷ. ಗಂಡ ತೀರಿಕೊಂಡು ಏಳು ವರ್ಷವಾಗಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವುದನ್ನು ಕಲಿತಿದ್ದೆ. ಧಾರವಾಡದಲ್ಲಿ ಅಣ್ಣನ ಮನೆಯ ಅಡುಗೆ ಮಾಡಿಕೊಂಡು ಮುದುಕಿಯಾಗಲು ಮನಸ್ಸಿರಲಿಲ್ಲ. ನಮ್ಮ ಕಡೆ ಆಗ ಮುಂಬಯಿ ಸರ್ಕಾರ, ಇಲ್ಲಿ ಮೈಸೂರು ಮಹಾರಾಜರ ಆಳ್ವಿಕೆ. ಎರಡೂ ಕಡೆ ಕನ್ನಡವೇ ತಾನೇ ಎಂದು ಧೈರ್ಯ ತಂದುಕೊಂಡು, ಕಡೂರಿನಲ್ಲಿ ರೈಲಿಳಿದು ಬಸ್ ಹತ್ತಿದವಳಿಗೆ ಮೊದಲು ಕೈಕೊಟ್ಟಿದ್ದು ಆ ಕನ್ನಡವೇ.

ಮೊದಲ ದಿನ ಹೊಟ್ಟೆ ಹಿಡಿದುಕೊಂಡು ಬಂದ ಹೆಂಗಸೊಬ್ಬಳನ್ನು, ಭಾಳ ತ್ರಾಸ ಆಗೇತೇನು ಎಂದು ಕೇಳಿದೆ. ಅವಳು ನೋವಿನ ನಡುವೆಯೂ ಕಣ್ಣರಳಿಸಿ, "ತ್ರಾಸು ರೈಟ್ರ ಹತ್ರ ಇದೆ ಅಮ್ಮ" ಎಂದಳು. ನಮ್ಮ ಕಡೆ ತ್ರಾಸ ಎಂದರೆ ನೋವು, ಇಲ್ಲಿ ತ್ರಾಸು ಎಂದರೆ ತೂಕದ ತಕ್ಕಡಿ. ಹೊರಗೆ ಕಾದಿದ್ದವರು ಸಂಜೆಯವರೆಗೂ ನಕ್ಕರು. ಕೂಲಿಯವರ ಮನೆಸಾಲುಗಳಾದ ಲೈನುಗಳಲ್ಲಿ ವಾರವಿಡೀ ನನ್ನ ಮಾತಿನ ಅಣಕ ನಡೆಯಿತು. ತೋಟದ ಲೆಕ್ಕಪತ್ರ ನೋಡುತ್ತಿದ್ದ ರೈಟರು ಕಳಸದ ಕಡೆಯ ಹಿರಿಯರು, ಒಳ್ಳೆಯವರು. ಇಲ್ಲಿಯವರ ಹಾಗೆ ಮಾತಾಡುವುದು ರೂಢಿ ಮಾಡಿಕೊಳ್ಳಿ ಎಂದು ಬುದ್ಧಿ ಹೇಳಿದರು. ಅವರ ಮಾತು ನಾನು ಕಲಿಯುತ್ತೇನೆ, ನನ್ನ ಮಾತು ಅವರೂ ಕಲಿಯಲಿ ಎಂದೆ. ಊರಿನಿಂದ ತಂದ ಜೋಳದ ಹಿಟ್ಟಿಗೆ ಹದಿನೈದೇ ದಿನದಲ್ಲಿ ಬೂಸಲು ಬಂತು. ಅಕ್ಕಿ ಹಿಟ್ಟನ್ನೇ ಜೋಳದ ರೊಟ್ಟಿಯಂತೆ ಬಡಿದು, ಹರಿದದ್ದನ್ನೆಲ್ಲ ಹಟದಿಂದ ತಿಂದೆ.

ನನ್ನ ಜೊತೆಗೆ ಲೈನಿನ ನಡುವಯಸ್ಸಿನ ಹೆಂಗಸೊಬ್ಬಳನ್ನು ಆಯಾ ಆಗಿ ಕೊಟ್ಟಿದ್ದರು. ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಮೇಲಿನ ಲೈನಿನಲ್ಲಿ ಹೆರಿಗೆಯೆಂದು ಇಬ್ಬರೂ ಹೊರಟೆವು. ತೋಟದ ಒಡೆಯನಾದ ಇಂಗ್ಲಿಷ್ ದೊರೆಯ ಬಂಗಲೆ ಎದುರಾಗುತ್ತಲೇ ಅವಳು ಹೊದ್ದಿದ್ದ ಕಂಬಳಿಕೊಪ್ಪೆಯನ್ನು ತಲೆಯಿಂದ ಎಳೆದು ಕಂಕುಳಿಗೆ ಸಿಕ್ಕಿಸಿಕೊಂಡಳು. ಛತ್ರಿ ಮಡಿಸಿ ಎಂದು ನನಗೂ ಪಿಸುಗುಟ್ಟಿದಳು. ಏಕೆಂದು ತಿಳಿಯದೆ ಮಡಿಸಿದೆ. ಬಂಗಲೆ ದಾಟುವಷ್ಟರಲ್ಲಿ ಇಬ್ಬರ ಮೈಯಿಂದಲೂ ನೀರು ಇಳಿಯುತ್ತಿತ್ತು.

ಹೆರಿಗೆ ಸುಸೂತ್ರವಾಯಿತು. ಒದ್ದೆ ಸೆರಗು ಹಿಂಡುತ್ತ ಕಾರಣ ಕೇಳಿದೆ. ದೊರೆಯ ಮನೆಯ ಮುಂದೆ ಯಾರೂ ತಲೆ ಮುಚ್ಚಿಕೊಂಡು ಹೋಗಬಾರದು, ಅವಳ ಅಜ್ಜನ ಕಾಲದಿಂದಲೂ ಹೀಗೇ ಎಂದಳು. ನನಗೆ ಮೈ ಉರಿಯಿತು. ತಿಳಿಯದೆ ಮಡಿಸಿದ್ದಕ್ಕೆ ಇನ್ನಷ್ಟು ಉರಿಯಿತು.

ವಾಪಸ್ ಬರುವಾಗ ಛತ್ರಿ ಬಿಚ್ಚಿಯೇ ನಡೆದೆ. ಆಯಾ ಬೇಡಿಕೊಂಡಳು, ಆಮೇಲೆ ಬರಿತಲೆಯಲ್ಲಿ ಹತ್ತು ಹೆಜ್ಜೆ ಹಿಂದೆ ಉಳಿದಳು. ಮೇಸ್ತ್ರಿ ಓಡಿಬಂದು ಗದರಿದ. ನಾನು ನಿಲ್ಲಲಿಲ್ಲ. ಜಗಲಿಯಿಂದ ದೊರೆಯೇ ಕರೆಸಿದ.

ರೈಟರನ್ನೂ ಕರೆಸಿದರು. ದೊರೆ ಇಂಗ್ಲಿಷಿನಲ್ಲಿ ಕೇಳಿದ, ರೈಟರು ನನ್ನನ್ನು ಕೇಳದೆಯೇ ಉತ್ತರ ಕೊಟ್ಟುಬಿಟ್ಟರು: ಔಷಧಿಯ ಚೀಲ ನೆನೆಯಬಾರದೆಂದು ಹಿಡಿದಿದ್ದಾಳಂತೆ. ಆಸ್ಪತ್ರೆಯಲ್ಲಿ ಕಲಿತ ಇಂಗ್ಲಿಷು ಅಷ್ಟನ್ನು ಅರ್ಥಮಾಡಿಕೊಳ್ಳಲು ಸಾಕಿತ್ತು. ಅವರು ನನ್ನನ್ನು ಉಳಿಸಲು ನೋಡುತ್ತಿದ್ದರು. ದೊರೆಯ ಮುಖವೂ ಸಡಿಲವಾಯಿತು. ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಔಷಧದ ಸಲುವಾಗಿ ಅಲ್ಲರಿ. ನನ್ನ ತಲಿ ತೋಯಬಾರದಂತ ಹಿಡದೀನಿ. ಹಂಗ ಹೇಳ್ರಿ" ಎಂದೆ.

ರೈಟರು ನೆಲ ನೋಡಿದರು. ನನ್ನ ಹರಕು ಇಂಗ್ಲಿಷಿನಲ್ಲಿ ನಾನೇ ಹೇಳಿದೆ. ದೊರೆ ಕೆಂಪಾದ. ನಾಳೆಯಿಂದ ಛತ್ರಿ ಮಡಿಸಬೇಕು, ಇಲ್ಲವೇ ತಿಂಗಳ ಕೊನೆಗೆ ಕೆಲಸ ಬಿಡಬೇಕು ಎಂದ. ಬಿಡುತ್ತೇನೆ, ಅಲ್ಲಿಯವರೆಗೆ ಮಡಿಸುವುದಿಲ್ಲ ಎಂದು ಮೆಟ್ಟಿಲಿಳಿದೆ. ಅವನೂ ಪರಸ್ಥಳದವನು, ನಾನೂ ಪರಸ್ಥಳದವಳು. ನಾನು ಇಲ್ಲಿಗೆ ತಕ್ಕಂತೆ ನಾಲಿಗೆ, ಊಟ ಎಲ್ಲ ಬದಲಾಯಿಸಿಕೊಳ್ಳಬೇಕಿತ್ತು. ಅವನಿಗೆ ತಕ್ಕಂತೆ ಇಡೀ ಗುಡ್ಡವೇ ಬದಲಾಗಿತ್ತು.

ಹಾಗೆಯೇ ಎರಡು ವಾರ ಓಡಾಡಿದೆ. ಆಯಾ ಮಾತ್ರ ಬರಿತಲೆಯಲ್ಲಿ ಹಿಂದೆ ಹಿಂದೆಯೇ ಬರುತ್ತಿದ್ದಳು. ಒಂದು ದಿನ ರೇಗಿ, ಇಷ್ಟೇಕೆ ಹೆದರುತ್ತೀ ಎಂದೆ. ಅವಳಿಗೂ ಸಿಟ್ಟು ಬಂತು.

"ನಿಮಗೆ ಊರಿದೆ ಅಮ್ಮ. ನಾಳೆ ಬಸ್ ಹತ್ತಿ ಹೋಗ್ತೀರಿ. ನಾವು ಎಲ್ಲಿಗೆ ಹೋಗದು?"

ಹೊರಟುಹೋಗುವವಳ ಧೈರ್ಯಕ್ಕೆ ಖರ್ಚಿಲ್ಲ ಎಂಬುದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅಂದೇ ರೈಟರ ಬಳಿಗೆ ಹೋಗಿ, ನಾನು ಕೆಲಸ ಬಿಡುವುದಿಲ್ಲ, ಬೇಕಿದ್ದರೆ ದೊರೆಯೇ ನನ್ನ ಟ್ರಂಕು ಹೊರಗೆಸೆಯಲಿ ಎಂದು ತಿಳಿಸಿದೆ.

ಮರುದಿನ ಬಂಗಲೆಯ ತಿರುವಿನಲ್ಲಿ ಆಯಾಳ ತೋಳು ಹಿಡಿದು ಛತ್ರಿಯೊಳಗೆ ಎಳೆದುಕೊಂಡೆ. "ಛತ್ರಿ ನಂದು, ಹಿಡದಾಕಿ ನಾನು. ನಿಂದೇನೂ ತಪ್ಪಿಲ್ಲ" ಎಂದೆ. ಅವಳು ಬಂಗಲೆಯ ಕಡೆ ಕಣ್ಣೆತ್ತಲಿಲ್ಲ. ಆದರೂ ಹೆಜ್ಜೆ ಹಿಂದೆ ಬೀಳಲಿಲ್ಲ. ಜಗಲಿಯಲ್ಲಿದ್ದ ದೊರೆ ನೋಡಿ ಒಳಗೆ ಹೋದ.

ತಿಂಗಳು ಮುಗಿಯಿತು. ಯಾರೂ ನನ್ನನ್ನು ಹೊರಡಿಸಲಿಲ್ಲ. ಲೈನುಗಳಲ್ಲಿ ಜ್ವರ ಎದ್ದಿತ್ತು. ದೊರೆ ಬೇರೆ ನರ್ಸಿಗಾಗಿ ಎರಡು ಕಡೆ ಬರೆದಿದ್ದನಂತೆ, ಆ ಮಳೆಯಲ್ಲಿ ಮೇಲೆ ಹತ್ತಿಬರಲು ಯಾರೂ ಒಪ್ಪಲಿಲ್ಲವೆಂದು ರೈಟರು ನಗುತ್ತ ಹೇಳಿದರು. ಆಮೇಲೆ ಹೊಸ ಅಪ್ಪಣೆ ಬಂತು: ನರ್ಸಮ್ಮನ ಜೊತೆ ಹೋಗುವ ರೋಗಿಗಳು ತಲೆ ಮುಚ್ಚಿಕೊಳ್ಳಬಹುದು.

ಮಾರನೆಯ ಬೆಳಿಗ್ಗೆ ತಿರುವಿನಲ್ಲಿ ಒಂಬತ್ತು ಹೆಂಗಸರು ಕೊಪ್ಪೆ ಹೊದ್ದು ನನಗಾಗಿ ಕಾದಿದ್ದರು. ಎಲ್ಲರೂ ಗಟ್ಟಿಮುಟ್ಟಾದವರು. ಇವರಿಗೆಲ್ಲ ಏನು ಕಾಯಿಲೆ ಎಂದು ಮೇಸ್ತ್ರಿ ಕೇಳಿದ. ಅದು ನರ್ಸಿಗೆ ಬಿಟ್ಟ ವಿಷಯ ಎಂದು ಮುಂದೆ ನಡೆದೆ.

ಮುಂದಿನ ಮಳೆಗಾಲಕ್ಕೆ ಯಾರೂ ನನಗಾಗಿ ಕಾಯಲಿಲ್ಲ. ಎಲ್ಲರೂ ತಮ್ಮ ಪಾಡಿಗೆ ತಲೆ ಮುಚ್ಚಿಕೊಂಡೇ ಹೋಗುತ್ತಿದ್ದರು. ಆಯಾಳ ಕೈ ಮಾತ್ರ ಬಂಗಲೆ ಕಂಡಾಗ ಅಭ್ಯಾಸದಿಂದ ತಲೆಗೆ ಹೋಗುತ್ತಿತ್ತು. ಕೊಪ್ಪೆಯ ಅಂಚು ಹಿಡಿದು ಒಂದು ಗಳಿಗೆ ತಡೆದು, ಅದನ್ನು ಹಣೆಯವರೆಗೂ ಎಳೆದುಕೊಂಡು ನಡೆಯುತ್ತಿದ್ದಳು.