ಬಲಗಡೆ ಸೀಟಿನ ದರ

ಹೈದರಾಬಾದು ಇಡೀ ಆಂಧ್ರಪ್ರದೇಶಕ್ಕೆ ರಾಜಧಾನಿಯಾಗಿದ್ದ ಕಾಲದಲ್ಲಿ ನಾನು ಅಲ್ಲಿಯ ಒಂದು ಸಣ್ಣ ಶಾಲೆಯಲ್ಲಿ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದೆ. ಹೀಗೆಂದರೆ ಜನ ಕಣ್ಣರಳಿಸುತ್ತಾರೆ. ಅರಳಿಸಬೇಡಿ. ತಿಂಗಳ ಸಂಬಳ ಮನೆ ಬಾಡಿಗೆಗೇ ಸಾಲುತ್ತಿರಲಿಲ್ಲ. ಉಳಿದದ್ದೆಲ್ಲ ಗಂಟೆ ದರ. ಗಂಟೆ ಎಂದರೆ ನಾನು ಬಲಗಡೆ, ಶಿಕ್ಷಕನ ಸೀಟಿನಲ್ಲಿ ಕೂತಿದ್ದು, ವಿಮಾನ ನೆಲ ಬಿಟ್ಟಿದ್ದ ಗಂಟೆ ಮಾತ್ರ. ಪಾಠ ಹೇಳಿದ್ದು, ಹವೆ ತಿಳಿಯಾಗಲೆಂದು ಅರ್ಧ ದಿನ ಕಾದದ್ದು ಯಾವುದಕ್ಕೂ ಕಾಸಿಲ್ಲ. ಮೋಡ ಕವಿದ ವಾರಗಳಲ್ಲಿ ನಮ್ಮ ಮನೆಗೆ ಬರುವ ಹಾಲು ಅರ್ಧಕ್ಕೆ ಇಳಿಯುತ್ತಿತ್ತು.

ಈ ಏರ್ಪಾಟಿನ ಹೊಟ್ಟೆಯಲ್ಲೇ ಒಂದು ಹೊಲಸು ಇತ್ತು. ಕಲಿಯುವವರು ತಯಾರಾದ ದಿನ ನಾವು ಇಳಿದುಬಿಡಬೇಕು, ಅವರು ಒಬ್ಬರೇ ಹಾರಬೇಕು. ಇದು ಸೋಲೋ. ಸೋಲೋ ಗಂಟೆಗೂ ಅವರು ಶುಲ್ಕ ಕಟ್ಟುತ್ತಾರೆ. ಬಲಗಡೆ ಸೀಟು ಖಾಲಿಯಾದ್ದರಿಂದ ನಮಗೆ ಚಿಕ್ಕಾಸೂ ಇಲ್ಲ. ಚೆನ್ನಾಗಿ ಕಲಿಸಿದವನಿಗೆ ಬೇಗ ನಷ್ಟ.

ನನ್ನ ಹತ್ತಿರ ಕಲಿಯಲು ಒಬ್ಬ ಹುಡುಗಿ ದಿಲ್‌ಸುಖ್‌ನಗರದಿಂದ ಅಪ್ಪನ ಜೊತೆ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಅಪ್ಪ ಬೀದರ ಕಡೆಯವರು, ಸರ್ಕಾರಿ ಕಚೇರಿಯ ಲೆಕ್ಕದ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಪಿಎಫ್ ಹಣವನ್ನೆಲ್ಲ ಅವಳ ಲೈಸೆನ್ಸಿಗೆ ತೆಗೆದಿಟ್ಟಿದ್ದರು. ಅದು ಕರಗುವುದರೊಳಗೆ ಲೈಸೆನ್ಸಿಗೆ ಬೇಕಾದಷ್ಟು ಸೋಲೋ ಗಂಟೆಗಳೂ ಮುಗಿಯಬೇಕು. ಬೇರೆ ದಾರಿ ಇರಲಿಲ್ಲ.

"ನಮ್ಮ ಕಡೆಯವರು ಸಿಕ್ಕೀರಿ, ಭಾಳ ಧೈರ್ಯ ಬಂತು ನೋಡ್ರಿ," ಎಂದು ಅಪ್ಪ ಡಬ್ಬಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. ತಿಂದೆ.

ಅವಳು ಬೇಗ ಕಲಿತಳು. ಆಮೇಲೆ ಏನಾಯಿತು ಎಂಬುದರಲ್ಲಿ ನನ್ನ ನೆನಪು ನನ್ನ ಪರ ವಕೀಲಿ ಮಾಡುತ್ತದೆ: ಆ ದಿನಗಳಲ್ಲಿ ಅಡ್ಡಗಾಳಿ ಜೋರಿತ್ತು, ಅವಳು ಇಳಿಸುವಾಗ ವಿಮಾನ ಪುಟಿಯುತ್ತಿತ್ತು ಎನ್ನುತ್ತದೆ. ಸುಳ್ಳು. ಹಳೆಯ ಲಾಗ್‌ಬುಕ್ ತೆಗೆದು ನೋಡಿದೆ. ಗಾಳಿ ಶಾಂತ, ಇಳಿಯುವಿಕೆ ಉತ್ತಮ ಎಂದು ದಿನದಿನವೂ ನನ್ನದೇ ಅಕ್ಷರ. ಹಾಗೆ ಬರೆದು, ಸೋಲೋಗೆ ಬಿಡದೆ, ಮರುದಿನ ಮತ್ತೆ ಪಕ್ಕದಲ್ಲಿ ಕೂತೆ. ಹೀಗೆ ಏಳು ಗಂಟೆ.

ನನಗಿಂತ ಹಿರಿಯ ಶಿಕ್ಷಕರೊಬ್ಬರು ಚಹಾ ಕುಡಿಯುತ್ತ ನಗುತ್ತಿದ್ದರು: "ಅಂಡೇ ದೇರೀ ಸೋ ಮುರ್ಗೀ ಕೂ ಕೌನ್ ಛೋಡತಾ, ಮಿಯಾ?" ಮೊಟ್ಟೆ ಇಡುತ್ತಿರುವ ಕೋಳಿಯನ್ನು ಯಾರು ಬಿಡುತ್ತಾರೆ ಅಂತ. ನಾನೂ ನಕ್ಕೆ. ಆ ನಗು ಈಗಲೂ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಂತಿದೆ.

ಒಂದು ಬೆಳಿಗ್ಗೆ ಇಳಿದ ಮೇಲೆ, ಎಂಜಿನ್ ಇನ್ನೂ ಓಡುತ್ತಿದ್ದಾಗ, ಅವಳು ಕೇಳಿದಳು: "ಇವತ್ತೂ ಆಗಲಿಲ್ಲೇನ್ರಿ ಸರ್? ತಪ್ಪು ಎಲ್ಲೈತಿ ಹೇಳ್ರಿ, ತಿದ್ದಿಕೊಳ್ತೀನಿ."

ಹೇಳಲು ತಪ್ಪು ಇರಲಿಲ್ಲ. ಬೆಲ್ಟು ಬಿಚ್ಚಿ ಕೆಳಗಿಳಿದೆ. "ಒಂದ್ ಸುತ್ತು ಹಾಕಿ ಬಾ," ಎಂದೆ.

ವಿಮಾನ ನನ್ನ ಭಾರವಿಲ್ಲದೆ ಬೇಗನೆ ಮೇಲೆದ್ದಿತು. ಸುತ್ತು ಹಾಕಿ ಇಳಿಸಿದಳು, ನಾನು ಪಕ್ಕದಲ್ಲಿದ್ದಾಗ ಇಳಿಸಿದ್ದಕ್ಕಿಂತ ಮೆತ್ತಗೆ. ಓಡಿಬಂದು, "ನೀವಿಲ್ಲಂದ್ರ ಎಷ್ಟು ಹಗುರ ಆಗ್ತೈತ್ರಿ ಸರ್!" ಎಂದು ನಕ್ಕಳು. ಅಪ್ಪ ಬೇವಿನ ಮರದ ಕೆಳಗೆ ಎದ್ದು ನಿಂತಿದ್ದರು. ಅತ್ತರೇ? ಅತ್ತರು ಎಂದು ಬರೆಯುವ ಆಸೆಯಾಗುತ್ತದೆ. ನನಗೆ ಗೊತ್ತಿಲ್ಲ, ನಾನು ಆ ಕಡೆ ನೋಡಲಿಲ್ಲ.

ಲೈಸೆನ್ಸಿನ ಪರೀಕ್ಷೆಗೆ ಮುಂಚೆಯೇ ಹಣ ಮುಗಿಯಿತು. ನಾನು ತಿಂದಷ್ಟೇ ಗಂಟೆ ಅವಳಿಗೆ ಕಡಿಮೆ ಬಿದ್ದವು ಎಂದರೆ ಕಥೆ ಚೊಕ್ಕವಾಗುತ್ತದೆ. ಹಾಗಲ್ಲ. ಅವಳಿಗೆ ಕಡಿಮೆ ಬಿದ್ದ ಸೋಲೋ ಗಂಟೆ ಐದು. ನಾನು ತಿಂದದ್ದು ಏಳು.

ಕೊನೆಯ ದಿನ ಅಪ್ಪ ಮಡಚಿದ ಕಾಗದವೊಂದನ್ನು ಹಿಡಿದುಕೊಂಡು ಬಂದರು. ಮಗಳ ಗಂಟೆ, ಕಟ್ಟಿದ ಹಣದ ಲೆಕ್ಕ; ಒಂದೂ ಹೊಡೆದುಹಾಕಿದ ಅಂಕಿಯಿಲ್ಲದ ಹಾಳೆ.

"ಮೂವತ್ತು ವರ್ಷ ಲೆಕ್ಕಾ ಬರದೀನ್ರಿ. ಮಗಳ ಲೆಕ್ಕದಾಗ ಎಲ್ಲಿ ತಪ್ಪಿದ್ನೋ ತಿಳೀವಲ್ದು. ನಿಮಗೂ ಸುಮ್ಮನ ತ್ರಾಸ ಕೊಟ್ಟಂಗಾತು."

"ಇರ್ಲಿ ಬಿಡ್ರಿ," ಎಂದೆ ನಾನು. "ಲೆಕ್ಕ ಯಾರಿಗಾದ್ರೂ ತಪ್ಪತೈತಿ."