ರಘು ದಡಕ್ಕಿಳಿದ ದಿನ

ಇವತ್ತು ಬೆಳಿಗ್ಗೆ ಈಸ್ಟ್ ಹ್ಯಾಮಿನಲ್ಲಿ ಟ್ಯೂಬ್ ರೈಲು ಹತ್ತಿದಾಗ ಪಕ್ಕದ ಸೀಟಿನವನ ಮಳೆಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒದ್ದೆ ರಬ್ಬರಿನ ಆ ವಾಸನೆಗೆ ನಾನು ಎದ್ದೇ ನಿಂತೆ. ಪಾಪ, ಆತ ‘ಸಾರಿ’ ಎಂದ. ಮಳೆಕೋಟಿಗೆ ಹೆದರುವವಳು ಲಂಡನ್ನಿನಲ್ಲಿ ಬಾಳುವುದು ಹೇಗೆ ಎಂದು ನೀವು ನಗಬಹುದು. ನನ್ನ ತಮ್ಮ ರಘು ದಡಕ್ಕಿಳಿದ ದಿನದ ಸಂಗತಿ ಹೇಳಿದರೆ ಅರ್ಥವಾದೀತು.

ರಘು ಮತ್ತು ಅವನ ಗೆಳೆಯ ವಸಂತ ಕಾರವಾರದಿಂದ ಹಾಯಿದೋಣಿಯಲ್ಲಿ ಹೊರಟು, ಆಫ್ರಿಕದ ತುದಿ ಸುತ್ತಿ ಲಂಡನ್ನಿಗೆ ಬಂದು, ಇಲ್ಲಿಂದ ಅಟ್ಲಾಂಟಿಕ್ ದಾಟುವವರಿದ್ದರು. ರಘು ಕಡಲ ದಂಡೆಯಲ್ಲಿ ಬೆಳೆದವನು, ಹುಚ್ಚು ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ. ನಾನೂ ಅಲ್ಲೇ ಬೆಳೆದವಳು. ಆದರೆ ತೇಮ್ಸ್ ನದಿಯ ಫೆರಿಯಲ್ಲಿ ಕೂತರೂ ನನಗೆ ವಾಂತಿ ಬರುತ್ತದೆ. ವಸಂತ ಧಾರವಾಡದವನು, ಕಾಲೇಜು ಮುಗಿಯುವ ತನಕ ಕೆರೆಗಿಂತ ದೊಡ್ಡ ನೀರು ಕಂಡವನಲ್ಲ. ಬಂದರು ಸಿಕ್ಕಾಗಲೆಲ್ಲ ಫೋನಿನಲ್ಲಿ, “ಅಕ್ಕಾರ, ಲಂಡನ್ನಿಗೆ ಬಂದ ಮ್ಯಾಲೆ ಬಿಸಿ ರೊಟ್ಟಿ ಬಡದು ಹಾಕ್ರಿ” ಎನ್ನುತ್ತಿದ್ದ. ನಾನು ವಿಡಿಯೊ ನೋಡಿ ಜೋಳದ ರೊಟ್ಟಿ ಕಲಿಯತೊಡಗಿದೆ. ಹಂಚಿಗೆ ಹಾಕುವ ಮೊದಲೇ ಚೂರಾಗುತ್ತಿದ್ದವು.

ಪೋರ್ಚುಗಲ್ ದಾಟಿದ ಮೇಲೆ, ಬಿರುಗಾಳಿಯಲ್ಲಿ ಸಿಕ್ಕಿಕೊಂಡ ಹಾಯಿ ಬಿಡಿಸಲು ಹೋದ ವಸಂತನನ್ನು ಅಲೆಯೊಂದು ಎಳೆದುಕೊಂಡು ಹೋಯಿತು. ಅವನು ಸಿಗಲಿಲ್ಲ. ರಘು ಒಬ್ಬನೇ ದೋಣಿ ನಡೆಸಿಕೊಂಡು ತೇಮ್ಸಿನೊಳಗೆ ಬಂದ.

ದೋಣಿಯನ್ನು ದಡಕ್ಕೆ ಕಟ್ಟಿ ಅವನು ನಮ್ಮ ಫ್ಲ್ಯಾಟಿಗೆ ಬಂದ ದಿನ ಮಳೆ ಬಿಡುವೇ ಕೊಡಲಿಲ್ಲ. ಮಳೆಕೋಟು ಬಿಚ್ಚದೆ ಸೋಫಾದ ಅಂಚಿನಲ್ಲಿ ಕೂತ. “ನೆಲ ಅಲ್ಲಾಡ್ತದೆ ಅಕ್ಕ” ಎಂದ, ಅಷ್ಟೇ. ಮಧ್ಯಾಹ್ನ ವಸಂತನ ಅಕ್ಕ ಗಿರಿಜಾ ಲಂಡನ್ನಿನ ಇನ್ನೊಂದು ತುದಿಯ ಸಟನ್ನಿನಿಂದ ಬಂದಳು. ಅಲ್ಲಿನ ಆಸ್ಪತ್ರೆಯಲ್ಲಿ ಅವಳು ನರ್ಸು. ಅಳಲಿಲ್ಲ, ರೋಗಿಯ ವಿವರ ಕೇಳಿಕೊಳ್ಳುವವಳ ಹಾಗೆ ಒಂದೊಂದಾಗಿ ಕೇಳಿದಳು.

“ಹಗ್ಗಾ ಕಟ್ಕೊಂಡಿದ್ನೇನು?”

“ಕಟ್ಕೊಂಡಿದ್ದ. ಕೊಂಡಿ ಮುರೀತು.”

“ಎಷ್ಟೊತ್ತು ಹುಡುಕಿದಿ?”

“ಕತ್ತಲಾಗೋ ತನಕ. ಒಂದು ಹಡಗೂ ಬಂದು ಹುಡುಕ್ತು.”

“ಕೂಗಿದ್ನೇನು?”

ರಘು ನನ್ನ ಮುಖ ನೋಡಿದ. “ಇಲ್ಲ.”

ಅಂದು ನಾನು ಮಾಡಿದ್ದು ರೊಟ್ಟಿ. ಯಾಕೆ ಮಾಡಿದೆನೋ! ಯಾರೂ ಮುಟ್ಟಲಿಲ್ಲ. ಗಿರಿಜಾ ಚಹಾ ಮುಗಿಸಿ, ಕೊಡೆ ಬಿಚ್ಚಿ ಸ್ಟೇಷನ್ನಿನ ಕಡೆ ಹೊರಟಳು. ಅವಳು ಬೀದಿ ತಿರುಗುವಷ್ಟರಲ್ಲಿ ರಘು ಬರಿಗಾಲಲ್ಲಿ ಓಡಿದ. ಹಿಂದಿನಿಂದ ನಾನೂ ಓಡಿದೆ. ಸೀರೆ ಅಂಗಡಿಯ ಮುಂದೆ ಅವಳನ್ನು ತಡೆದು ನಿಲ್ಲಿಸಿದ್ದ.

“ಸುಳ್ಳು ಹೇಳ್ದೆ ಅಕ್ಕ. ಕೂಗ್ತಾ ಇದ್ದ, ನನ್ನ ಹೆಸರು ಹಿಡಿದು. ದನಿ ಕೇಳ್ತಿತ್ತು, ಅವ ಕಾಣ್ತಿರ್ಲಿಲ್ಲ. ತುಂಬಾ ಹೊತ್ತು ಕೇಳ್ತಿತ್ತು.”

ಗಿರಿಜಾಳ ಕೊಡೆ ವಾಲಿತು. ಅವಳ ತಲೆ, ಭುಜ ತೊಯ್ದು ಹೋದವು. ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ಕೊನೆಗೆ ಅವಳು, “ನನಗ ಹೇಳಿದಿ, ಛಲೋ ಆತು. ಅವ್ವಗ ಮಾತ್ರ ಹೇಳಬ್ಯಾಡ” ಎಂದಳು. ಆಮೇಲೆ ಕೆಳಗೆ ನೋಡಿ, “ಕಾಲಾಗ ರಕ್ತ ಬರಾಕತ್ತದ. ಒಳಗ ನಡಿ” ಎಂದು ಅವನ ತೋಳು ಹಿಡಿದುಕೊಂಡಳು.

ಮನೆಗೆ ಬಂದು ಅವಳೇ ಅವನ ಮಳೆಕೋಟು ಬಿಚ್ಚಿಸಿದಳು. ಆಗ ಅವನು ಅತ್ತ. ಬಾತ್‌ರೂಮಿನಲ್ಲಿ ನೇತುಹಾಕಿದ ಆ ಕೋಟು ಒಣಗಲೇ ಇಲ್ಲ; ಮನೆಯೆಲ್ಲ ಅದರದೇ ವಾಸನೆ. ರಘು ಅಟ್ಲಾಂಟಿಕ್ ದಾಟಲಿಲ್ಲ. ದೋಣಿಯನ್ನು ಇಲ್ಲೇ ಬಿಟ್ಟು ವಿಮಾನ ಹತ್ತಿದ. ಈಗ ಹುಬ್ಬಳ್ಳಿಯಲ್ಲಿದ್ದಾನೆ. ಊರಿಗೆ ಹೋಗು ಎಂದರೆ, ಅಲ್ಲಿ ಕಡಲ ಸದ್ದು ಕೇಳುತ್ತದೆ ಎನ್ನುತ್ತಾನೆ.

ನಾನು ಇವತ್ತು ಹೊರಟಿದ್ದು ಸಟನ್ನಿಗೆ. ವಸಂತನ ತಾಯಿ ಮಗಳ ಮನೆಗೆ ಬಂದಿದ್ದಾರೆ. ಊಟವಾದ ಮೇಲೆ ಗಿರಿಜಾ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಅವರು ನನ್ನ ಕೈ ಹಿಡಿದುಕೊಂಡರು.

“ಖರೇ ಹೇಳವ್ವಾ. ನಿನ್ನ ತಮ್ಮ ನಿನ್ನ ಮುಂದ ಹೇಳಿರತಾನ. ನನ್ನ ಮಗ ಕೂಗಿದ್ನೇನು?”

ಒಳಗೆ ನಲ್ಲಿಯ ಸದ್ದು ನಿಂತಿತು.

“ಇಲ್ಲಮ್ಮ” ಎಂದೆ.

ಅವರು ಕೈ ಬಿಡಲಿಲ್ಲ. “ಸಣ್ಣಾಂವ ಇದ್ದಾಗ ಮೊಣಕಾಲು ತರಚಿದ್ರೂ ಓಣಿಗೆಲ್ಲಾ ಕೇಳೂ ಹಂಗ ಒದರತಿದ್ದ” ಎಂದರು.

ಒಳಗೆ ಗಿರಿಜಾ ಮತ್ತೆ ನಲ್ಲಿ ತಿರುಗಿಸಿದಳು.